ಗಣಿ ಮುಚ್ಚಿದ ಊರಿನ ಮನೆಗಳು

ಕೋಲಾರದ ಚಿನ್ನದ ಗಣಿಗಳ ಇತಿಹಾಸದಲ್ಲಿ ಬಂಗಾರದ ತೂಕಕ್ಕೂ ಸುರಂಗಗಳ ಆಳಕ್ಕೂ ದೊರೆತ ಸ್ಥಾನ ಕಾರ್ಮಿಕರ ಸೂರಿಗೆ ಅಷ್ಟಾಗಿ ದೊರೆತಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯು ಗಣಿಗಾರಿಕೆಗೆ ಕೈಹಾಕಿದ ತರುವಾಯ ಬರಡು ಬಯಲಿನಲ್ಲಿ ಪಟ್ಟಣವೊಂದು ತಲೆಯೆತ್ತಿತು. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು, 1902ರಲ್ಲಿಯೇ, ಅಲ್ಲಿಗೆ ಹರಿಯಿತು. ಹರಿದುದು ಯಂತ್ರಗಳಿಗಾಗಿ ಎಂಬುದನ್ನು ಮರೆಯಲಾಗದು. ಅಧಿಕಾರಿಗಳಿಗೆ ತೋಟದ ನಡುವಣ ಬಂಗಲೆಗಳು. ತಮಿಳು, ತೆಲುಗು ಸೀಮೆಗಳಿಂದ ಬಂದ ಕೂಲಿಕಾರರಿಗೆ ತಟ್ಟಿಯ ಗುಡಿಸಲುಗಳ ಸಾಲುಗಳು, ಅಂದರೆ ‘ಲೈನು’ಗಳು. ಎರಡೂ ಕಂಪನಿಯ ಸ್ವತ್ತೇ. ದುಡಿಮೆ ಇರುವವರೆಗೆ ಸೂರು ಎಂಬುದೇ ಅಲ್ಲಿನ ಕಟ್ಟಳೆ. ತಲೆಮಾರುಗಳ ಕಾಲ ಒಂದೇ ಲೈನಿನಲ್ಲಿ ಬಾಳಿದ ಕುಟುಂಬಕ್ಕೂ ಗೋಡೆಯ ಮೇಲೆ ಒಡೆತನವಿರಲಿಲ್ಲ.

1956ರಲ್ಲಿ ಮೈಸೂರು ಸರ್ಕಾರವೂ 1962ರಲ್ಲಿ ಕೇಂದ್ರ ಸರ್ಕಾರವೂ ಗಣಿಗಳನ್ನು ವಹಿಸಿಕೊಂಡವು. ಮನೆಗಳು ಗಣಿಯ ಸ್ವತ್ತಾಗಿಯೇ ಉಳಿದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬೇರೆ ಊರುಗಳಲ್ಲಿ ಕೆಲಸ ಕಳೆದುಕೊಂಡವನು ಮನೆಯನ್ನು ಮಾರಿಯೋ ಅಡವಿಟ್ಟೋ ಮತ್ತೊಂದೆಡೆ ನೆಲೆ ಕಾಣಬಲ್ಲನು. ಬೆಲೆ ಕುಸಿದರೂ ಕೈಗೆ ಏನಾದರೂ ಹತ್ತುತ್ತದೆ. ಇಲ್ಲಿ ಮಾರಲು ಪತ್ರವೇ ಇರಲಿಲ್ಲ. ಬಿಟ್ಟು ನಡೆದರೆ ಇದ್ದ ಸೂರೂ ಕೈತಪ್ಪುವ ಭಯ. ಸ್ವಂತ ಮನೆ, ಅಂಗಡಿಗಳಿದ್ದ ರಾಬರ್ಟ್‌ಸನ್‌ಪೇಟೆಯ ವರ್ತಕರಿಗೆ ಇದ್ದ ದಾರಿ ಲೈನಿನವರಿಗಿರಲಿಲ್ಲ.

ಆದುದರಿಂದ ಬಹುಮಂದಿ ಮನೆಯನ್ನು ಬಿಡದೆ ದುಡಿಮೆಯನ್ನು ಮಾತ್ರ ಹೊರಗೆ ಅರಸಿದರು. ಮುಂಜಾನೆಯ ರೈಲು ಹಿಡಿದು ಸುಮಾರು 100 ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವುದು ಸಾವಿರಾರು ಜನರ ದಿನಚರಿಯಾಯಿತು. ಗಣಿಯನ್ನು ಮತ್ತೆ ತೆರೆಯಬೇಕೆಂಬ ಕೂಗಿನೊಡನೆ, ವಾಸವಿರುವ ಮನೆಗೆ ಹಕ್ಕುಪತ್ರ ಬೇಕೆಂಬ ಬೇಡಿಕೆಯೂ ಸೇರಿಕೊಂಡಿತು.