ಬರೆಯಬೇಕೋ, ಬಿಡಬೇಕೋ?

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿ ಮಾಡಿದ್ದ. ಅಲ್ಲಿಯೇ ಹುಟ್ಟಿ ಬೆಳೆದ ಅವನ ಮಗನಿಗೆ ರಕ್ಷಣಾ ಇಲಾಖೆಯ ಕೆಲಸವೊಂದು ದೊರೆಯುವುದರಲ್ಲಿತ್ತು. ಅದಕ್ಕೆ ಸರ್ಕಾರದ ಭದ್ರತಾ ಅನುಮತಿ ಬೇಕು. ಆದರೆ ಹುಡುಗ ಕಾಲೇಜಿನ ದಿನಗಳಲ್ಲೊಮ್ಮೆ ಕುಡಿದು ಕಾರು ನಡೆಸಿ ಸಿಕ್ಕಿಬಿದ್ದಿದ್ದನಂತೆ. "ಮೇಷ್ಟ್ರೇ, ಅದನ್ನು ಅರ್ಜಿಯಲ್ಲಿ ಬರೆಯಬೇಕೋ, ಬಿಡಬೇಕೋ?" ಎಂದು ಕೇಳಿದ. ನಾನು ವಕೀಲನಲ್ಲ, ಇತಿಹಾಸದ ಮೇಷ್ಟ್ರು. ಇತಿಹಾಸವನ್ನೇ ಹೇಳಿದೆ.

ಅತಿಯಾದ ಮದ್ಯಪಾನದ ಚಟವುಳ್ಳವರನ್ನು ಭದ್ರತೆಯ ದೃಷ್ಟಿಯಿಂದ ಪರಿಶೀಲಿಸಬೇಕೆಂದು ಅಧ್ಯಕ್ಷ ಐಸೆನ್‌ಹೋವರ್ 1953ರಲ್ಲಿಯೇ ಆದೇಶಿಸಿದ್ದರು. ನಿಯಮವೇನೋ ಇತ್ತು. ಪಾಲಿಸಿದವರು ಯಾರು?

ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1960ರ ದಶಕದಲ್ಲಿಯೇ ಕುಡಿತದ ಕಾರಣದಿಂದ ಪೊಲೀಸರ ಕೈಗೆ ಸಿಕ್ಕಿದ್ದ. ಮುಂದೆ ಮೆಕ್ಸಿಕೋ ನಗರದಲ್ಲಿ ಕುಡಿದ ಅಮಲಿನಲ್ಲಿ ಅಪಘಾತ ಮಾಡಿಕೊಂಡ. ರೋಮ್‌ನಲ್ಲಿ ರಾಯಭಾರ ಕಚೇರಿಯ ಔತಣದ ನಂತರ ಬೀದಿಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದ. ಕುಡಿತವನ್ನು ಸಹಜವೆಂದೇ ಬಗೆದಿದ್ದ ಸಂಸ್ಥೆ ಕಂಡೂ ಕಾಣದಂತಿತ್ತು. ಈ ನಡುವೆ 1985ರ ಏಪ್ರಿಲ್‌ನಲ್ಲಿ ಅವನು ಸೋವಿಯತ್ ಒಕ್ಕೂಟಕ್ಕೆ ರಹಸ್ಯಗಳನ್ನು ಮಾರತೊಡಗಿದ್ದ. 1994ರ ಫೆಬ್ರವರಿಯಲ್ಲಿ ಸೆರೆಯಾಗುವ ಹೊತ್ತಿಗೆ, ಅಮೆರಿಕಕ್ಕೆ ಗುಟ್ಟಾಗಿ ನೆರವಾಗುತ್ತಿದ್ದ ಹತ್ತು ಮಂದಿಯಾದರೂ ಪ್ರಾಣ ತೆತ್ತಿದ್ದರು. ಕುಡಿತವೇ ಅವನನ್ನು ದ್ರೋಹಿಯನ್ನಾಗಿಸಿತೆಂದಲ್ಲ. ಸಾಲ ಮತ್ತು ಹಣದಾಸೆಗಳು ಅದಕ್ಕೆ ಕಾರಣ. ಆದರೆ ತನ್ನ ಮೇಲೆ ಹಿಡಿತವಿಲ್ಲದವನ ಕೈಗೆ ಇತರರ ಪ್ರಾಣವನ್ನು ಒಪ್ಪಿಸಲಾಗಿತ್ತು.

ಮರುವರ್ಷವೇ ಅಧ್ಯಕ್ಷ ಕ್ಲಿಂಟನ್ ಹೊಸ ಆದೇಶ ಹೊರಡಿಸಿದರು. ಅದನ್ನು ಅನುಸರಿಸಿ ರೂಪುಗೊಂಡು 2017ರಲ್ಲಿ ಪರಿಷ್ಕೃತವಾದ ಮಾರ್ಗಸೂಚಿಗಳಲ್ಲಿ ಮದ್ಯಸೇವನೆಗೆ ಪ್ರತ್ಯೇಕ ವಿಭಾಗವೇ ಇದೆ. ಕುಡಿದು ವಾಹನ ನಡೆಸಿದ ಪ್ರಕರಣವನ್ನು ಆತಂಕದ ಸಂಗತಿಯೆಂದು ಪರಿಗಣಿಸುತ್ತಾರೆ. ಆದರೂ ಅದೊಂದರಿಂದಲೇ ಬಾಗಿಲು ಮುಚ್ಚುವುದಿಲ್ಲ. ಎಷ್ಟು ಕಾಲ ಕಳೆದಿದೆ, ತಪ್ಪು ಮರುಕಳಿಸಿದೆಯೇ, ಅದನ್ನು ಒಪ್ಪಿಕೊಂಡು ತಿದ್ದಿಕೊಂಡಿದ್ದಾನೆಯೇ ಎಂದು ಇಡೀ ವ್ಯಕ್ತಿಯನ್ನು ತೂಗಿ ನೋಡುತ್ತಾರೆ. ಮದ್ಯ ಸಂಬಂಧಿ ಆರೋಪ ಎಷ್ಟೇ ಹಳೆಯದಾದರೂ ಅರ್ಜಿಯಲ್ಲಿ ತಿಳಿಸಬೇಕು. ಉದ್ದೇಶಪೂರ್ವಕವಾಗಿ ಮುಚ್ಚಿಟ್ಟರೆ ಅದೇ ಬೇರೊಂದು ದೋಷ. ಸುಳ್ಳು ಹೇಳಿಕೆ ಶಿಕ್ಷಾರ್ಹ ಅಪರಾಧ ಕೂಡ.

"ಹಳೆಯ ತಪ್ಪಿಗೆ ಕ್ಷಮೆಯುಂಟು, ಇಂದಿನ ಸುಳ್ಳಿಗೆ ಕಷ್ಟ. ಬರೆಯಲು ಹೇಳಪ್ಪ" ಎಂದೆ.

ಹುಡುಗ ಬರೆದನಂತೆ. ಉತ್ತರ ಇನ್ನೂ ಬಂದಿಲ್ಲ. ತರಗತಿಯಲ್ಲಿ ತಪ್ಪೊಪ್ಪಿಕೊಂಡ ಮಕ್ಕಳಿಗೂ ಕೆಲವೊಮ್ಮೆ ನಾನು ಬೆತ್ತದ ರುಚಿ ತೋರಿಸಿದ್ದುಂಟು. ಇವನ ಪಾಲಿಗೆ ಪರೀಕ್ಷಕರು ನನಗಿಂತ ವಿವೇಕಿಗಳಾಗಿರಲಿ ಎಂದು ಹಾರೈಸುತ್ತೇನೆ.