ಶೆಟ್ಟಿಹಳ್ಳಿಯ ರೋಸರಿ ಚರ್ಚ್

ಹಾಸನ ನಗರದಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಹೇಮಾವತಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ರೋಸರಿ ಚರ್ಚ್ ಇದೆ. ಮಳೆಗಾಲದಲ್ಲಿ ಭಾಗಶಃ ಮುಳುಗಿ, ಬೇಸಿಗೆಯಲ್ಲಿ ಬುಡದವರೆಗೂ ಕಾಣಿಸಿಕೊಳ್ಳುವ ಈ ಕಟ್ಟಡವು ಜಿಲ್ಲೆಯ ಪ್ರಮುಖ ಪ್ರೇಕ್ಷಣೀಯ ಸ್ಥಳಗಳಲ್ಲಿ ಒಂದಾಗಿರುತ್ತದೆ.

ಇತಿಹಾಸ

ಕಾವೇರಿಯ ಉಪನದಿಯಾದ ಹೇಮಾವತಿಯ ದಡದಲ್ಲಿದ್ದ ಶೆಟ್ಟಿಹಳ್ಳಿಯ ಕ್ರೈಸ್ತ ಸಮುದಾಯಕ್ಕಾಗಿ ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಈ ಚರ್ಚನ್ನು ನಿರ್ಮಿಸಿದರು. ಒಂದು ಶತಮಾನದಷ್ಟು ಕಾಲ ಇದು ಸುತ್ತಲಿನ ರೈತ ಕುಟುಂಬಗಳ ಆರಾಧನಾ ಸ್ಥಳವಾಗಿತ್ತು.

ವಾಸ್ತುಶಿಲ್ಪ

ಕಟ್ಟಡವು ಗಾಥಿಕ್ ಶೈಲಿಯದು. ತುದಿ ಚೂಪಾದ ಕಮಾನುಗಳು, ಎತ್ತರದ ಗೋಡೆಗಳು ಹಾಗೂ ಪ್ರಾರ್ಥನೆಗೆ ಸೇರುವವರಿಗಾಗಿ ಉದ್ದನೆಯ ಸಭಾಂಗಣ ಇದರ ಮುಖ್ಯ ಲಕ್ಷಣಗಳು. ಗೋಡೆಗಳನ್ನು ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಲಾಗಿದೆ. ಗಾರೆಗೆ ಬೆಲ್ಲ ಹಾಗೂ ಕೋಳಿಮೊಟ್ಟೆಯನ್ನು ಬೆರೆಸಲಾಗಿತ್ತೆಂಬುದು ಸ್ಥಳೀಯರಲ್ಲಿರುವ ಪ್ರತೀತಿ. ಮೇಲ್ಛಾವಣಿಯು ಈಗ ಉಳಿದಿಲ್ಲ.

ಮುಳುಗಡೆ

ಗೊರೂರಿನ ಬಳಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಜಲಾಶಯದ ಗರಿಷ್ಠ ಮಟ್ಟ 2,922 ಅಡಿ. ಒಟ್ಟು ಸಂಗ್ರಹ ಸಾಮರ್ಥ್ಯ ಸುಮಾರು 37.10 ಟಿ.ಎಂ.ಸಿ. ಹಾಸನ, ಮಂಡ್ಯ ಮತ್ತು ತುಮಕೂರು ಜಿಲ್ಲೆಗಳ ಜಮೀನುಗಳಿಗೆ ಇದರಿಂದ ನೀರು ದೊರೆಯಿತು. ಆದರೆ ಹಿನ್ನೀರಿನ ಪ್ರದೇಶದ ಗ್ರಾಮಸ್ಥರು ಮನೆ, ಹೊಲಗಳನ್ನು ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ಭಕ್ತರು ತೆರಳಿದ ಬಳಿಕ ಚರ್ಚಿನಲ್ಲಿ ಪೂಜಾವಿಧಿಗಳು ನಿಂತುಹೋದವು. ಕಟ್ಟಡ ಮಾತ್ರ ಅಲ್ಲಿಯೇ ಉಳಿಯಿತು.

ಇಂದಿನ ಸ್ಥಿತಿ

ವರ್ಷವರ್ಷವೂ ನೆನೆದು ಒಣಗುವುದರಿಂದ ಗಾರೆ ಸಡಿಲಗೊಂಡು, ಇಟ್ಟಿಗೆಗಳು ಕಳಚುತ್ತವೆ. ಛಾವಣಿಯಿಲ್ಲದ ಗೋಡೆಗಳ ತಲೆಗೆ ಮಳೆ ನೇರವಾಗಿ ಸುರಿಯುತ್ತದೆ. ಬಿರುಕುಗಳಲ್ಲಿ ಬೇರೂರುವ ಗಿಡಗಳು ಅವುಗಳನ್ನು ಇನ್ನಷ್ಟು ಅಗಲಗೊಳಿಸುತ್ತವೆ. ನೋಡುಗರನ್ನು ಸೆಳೆಯುವ ನೀರೇ ಕಟ್ಟಡದ ಆಯುಷ್ಯವನ್ನೂ ಕಡಿಮೆ ಮಾಡುತ್ತಿದೆ.

ಸಂದರ್ಶಕರ ಗಮನಕ್ಕೆ

ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ ನೀರಿನ ನಡುವಿನ ನೋಟವೂ, ಬೇಸಿಗೆಯಲ್ಲಿ ಸಂಪೂರ್ಣ ಕಟ್ಟಡವೂ ಕಾಣಸಿಗುತ್ತವೆ. ಜಲಾಶಯದ ಮಟ್ಟವನ್ನು ಅವಲಂಬಿಸಿ ಈ ಅವಧಿ ಬದಲಾಗಬಹುದು. ಶಿಥಿಲವಾದ ಗೋಡೆಗಳನ್ನು ಏರುವುದಾಗಲಿ, ಕಮಾನುಗಳ ಕೆಳಗೆ ನಿಲ್ಲುವುದಾಗಲಿ ಅಪಾಯಕರ. ಹಿನ್ನೀರಿನಲ್ಲಿ ಈಜಬಾರದು. ಗೋಡೆಗಳ ಮೇಲೆ ಬರೆಯುವುದು, ಇಟ್ಟಿಗೆಗಳನ್ನು ಕೀಳುವುದು, ತ್ಯಾಜ್ಯ ಎಸೆಯುವುದು ಸಲ್ಲದು. ಊರನ್ನೇ ಬಿಟ್ಟುಕೊಟ್ಟ ಜನರ ಪ್ರಾರ್ಥನಾ ಸ್ಥಳವಿದು ಎಂಬುದನ್ನು ಸಂದರ್ಶಕರು ನೆನಪಿನಲ್ಲಿಟ್ಟು, ಗೌರವದಿಂದ ವರ್ತಿಸಲು ಕೋರಲಾಗಿದೆ.