ಬೆಳಗಾವಿ ಹತ್ತಿರ, ದುಡಿಮೆ ಗೋವಾದಲ್ಲಿ: ಖಾನಾಪುರದ ವಲಸೆ ಯಾಕೆ?

ಖಾನಾಪುರದ ಹಳ್ಳಿಗಳಲ್ಲಿ ‘ಯಜಮಾನರು ಎಲ್ಲಿ?’ ಅಂತ ಕೇಳಿದರೆ ‘ಗೋವಾಕ್ಕ ದುಡಿಯಾಕ ಹೋಗ್ಯಾರ್ರೀ’ ಅನ್ನುವ ಉತ್ತರ ಹೊಸದಲ್ಲ. ಸುಮಾರು 25 ಕಿ.ಮೀ. ದೂರದಲ್ಲಿ ಬೆಳಗಾವಿ ಇದೆ. ಅಲ್ಲಿ ಖಾನಾಪುರ ರಸ್ತೆಯಲ್ಲೇ ಉದ್ಯಮಬಾಗ ಕೈಗಾರಿಕಾ ಪ್ರದೇಶವಿದೆ. ಆದರೂ ಘಟ್ಟ ಇಳಿಯೋದು ಯಾಕೆ?

ಊರಲ್ಲಿ ಏನು ಕರಗಿತು?

ತಾಲೂಕಿನ ಮುಖ್ಯ ಬೆಳೆ ಮಳೆ ನಂಬಿದ ಭತ್ತ. ಕೊಯ್ಲು ಮುಗಿದರೆ ಕೈ ಖಾಲಿ. ಆಗ ಆಸರೆಯಾಗಿದ್ದದ್ದು ಇಲ್ಲಿನ ಮಣ್ಣು: ಹೆಂಚು, ಇಟ್ಟಿಗೆ, ಮಡಕೆ. ಖಾದಿ ಗ್ರಾಮೋದ್ಯೋಗ ಆಯೋಗ ಕುಂಬಾರಿಕೆ ತರಬೇತಿ ಸಂಸ್ಥೆಯನ್ನು ಖಾನಾಪುರದಲ್ಲೇ ತೆರೆದದ್ದು ಸುಮ್ಮನೆ ಅಲ್ಲ. ಆದರೆ ಸ್ಲ್ಯಾಬು, ತಗಡು ಬಂದ ಮೇಲೆ ಹೆಂಚಿನ ಬೇಡಿಕೆ ಕುಗ್ಗಿತು.

ನಗರ ಯಾಕೆ ಹಿಡಿದಿಡಲಿಲ್ಲ?

ಬೆಳಗಾವಿಯ ಫೌಂಡ್ರಿಗಳು ವಾಹನ, ಪಂಪುಗಳ ಎರಕದ ಭಾಗಗಳನ್ನು ಮಾಡುತ್ತವೆ. 1991ರ ನಂತರ ಪೈಪೋಟಿ ಹೆಚ್ಚಿತು, ಸಿಎನ್‌ಸಿ ಯಂತ್ರ ಬಂತು, ಕಾಯಂ ಕೆಲಸದ ಜಾಗಕ್ಕೆ ಗುತ್ತಿಗೆ ಬಂತು. 2016ರ ನೋಟು ರದ್ದತಿ, 2017ರ ಜಿಎಸ್‌ಟಿ, 2019ರ ವಾಹನ ಮಾರಾಟದ ಕುಸಿತ, 2020ರ ಲಾಕ್‌ಡೌನ್ ಸಣ್ಣ ಘಟಕಗಳಿಗೆ ಒಂದರ ಹಿಂದೊಂದು ಬಿದ್ದ ಪೆಟ್ಟು. ಆರ್ಡರ್ ಇಳಿದಾಗ ಮೊದಲು ಓವರ್‌ಟೈಮ್ ನಿಲ್ಲುತ್ತದೆ, ಆಮೇಲೆ ಒಂದು ಪಾಳಿ, ಕೊನೆಗೆ ಗುತ್ತಿಗೆಯವನು ಮನೆಗೆ. ಹಳ್ಳಿಯಿಂದ ಬಂದವನು ಬಹುತೇಕ ಆ ಗುತ್ತಿಗೆಯವನೇ.

ಗೋವಾ ಭದ್ರವೇ?

ಅದೂ ಅಲ್ಲ. 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಗೋವಾದ ಅದಿರು ಗಣಿಗಾರಿಕೆ ತಡೆಯಿತು. 2018ರ ಫೆಬ್ರವರಿಯಲ್ಲಿ 88 ಗಣಿ ಗುತ್ತಿಗೆ ರದ್ದಾದವು. ಗಣಿ ನಿಂತರೆ ಲಾರಿ, ಗ್ಯಾರೇಜು, ಹೋಟೆಲು ಎಲ್ಲಾ ಮಂಕು. ಕಟ್ಟಡ ಕೆಲಸ ಮಳೆಗಾಲದಲ್ಲಿ ತೆಳುವಾಗುತ್ತದೆ, ಪ್ರವಾಸೋದ್ಯಮವೂ ಸೀಸನ್ ನೋಡಿ ನಡೆಯುವಂಥದ್ದು.

ನಾನು ಹೇಳುವುದಿಷ್ಟೇ: ಬೆಳವಣಿಗೆ ನಿಧಾನವಾದರೆ ವಲಸೆ ನಿಲ್ಲುವುದಿಲ್ಲ, ಅದರ ಸ್ವರೂಪ ಬದಲಾಗುತ್ತದೆ. ಹೋಗಿ ನೆಲೆಸುವ ವಲಸೆ, ಹೋಗಿ ಬಂದು ಮಾಡುವ ವಲಸೆಯಾಗುತ್ತದೆ. ಕುಟುಂಬ ಊರಲ್ಲಿ, ದುಡಿಯುವವನು ಶೆಡ್ಡಿನಲ್ಲಿ. ಪಿಎಫ್ ಇಲ್ಲ, ಕಸುಬು ಮೇಲೇರುವುದಿಲ್ಲ.

‘ಒಂದು ದೇಶ, ಒಂದು ಪಡಿತರ ಚೀಟಿ’ಯಿಂದ ಕುಟುಂಬದ ಪಾಲಿನ ಒಂದಷ್ಟು ಧಾನ್ಯ ಅಲ್ಲಿ, ಉಳಿದದ್ದು ಇಲ್ಲಿ ಪಡೆಯಬಹುದು. ಹೊಟ್ಟೆಗೆ ಅದು ಆಸರೆ, ಉದ್ಯೋಗಕ್ಕಲ್ಲ. ಉದ್ಯಮಬಾಗದಲ್ಲಿ ಗುತ್ತಿಗೆಯವನಿಗೂ ಪಿಎಫ್, ಇಎಸ್‌ಐ ಸರಿಯಾಗಿ ಕಟ್ಟಿದರೆ, ಅವನಿಗೂ ಯಂತ್ರದ ಕೆಲಸ ಕಲಿಸಿದರೆ, 25 ಕಿ.ಮೀ. ಬಸ್ ಪ್ರಯಾಣವೇ ಸಾಕಾದೀತು.